ಒಂಬತ್ತು ಕಿಲೋ ಇನ್ನೂರು

ತೂಬಿನ ಹಲಗೆ ದಿನಕ್ಕೊಂದರಂತೆ ಎತ್ತುತ್ತ ಬಂದ
ನಮ್ಮ ಒಟಾಕರ್ ಮಾವ. ಒಟ್ಟು ಇಪ್ಪತ್ಮೂರು ಹಲಗೆ.
ಅವಸರಪಟ್ಟರೆ ಮೀನು ಹೂಳಲ್ಲಿ ಹೂತು ಸಾಯುತ್ತವೆ,
ಕೆರೆಗೇ ಗೊತ್ತಾಗದ ಹಾಗೆ
ಕೆರೆಯನ್ನು ಬರಿದು ಮಾಡಬೇಕು, ಅನ್ನುತ್ತಾನೆ.

ದಕ್ಷಿಣ ಬೊಹೀಮಿಯಾದ ಅಕ್ಟೋಬರ್ ಬೆಳಗು.
ಅಜ್ಜಂದಿರ ಅಜ್ಜಂದಿರು ಕಟ್ಟಿದ ಏರಿ, ಅದರ ಮೇಲೆ ಓಕ್ ಮರ,
ಮಂಜು ಎಂಥದೆಂದರೆ
ಪಕ್ಕದವಳ ಕೆಮ್ಮು ಇದೆ, ಪಕ್ಕದವಳಿಲ್ಲ.
ಮೂರು ವರ್ಷಕ್ಕೊಮ್ಮೆ ಕೆರೆ ತಳ ತೋರಿಸುತ್ತದೆ:
ಹ್ಯಾಂಡಲ್ ಇಲ್ಲದ ಸೈಕಲ್ಲು,
ಯಾರದೋ ಎಡಗಾಲಿನ ಬೂಟು,
ಕೊಕ್ಕರೆಗಳು ಬರೆದು ಬರೆದು ಅಳಿಸಿದ ಕೆಸರು.

ನಾನು ಮೇಜಿನ ಹೆಂಗಸು. ಎದೆಮಟ್ಟ ರಬ್ಬರು,
ಎರಡು ಜೊತೆ ಕೈಗವಸು, ಆದರೂ ಬೆರಳು ನನ್ನವಲ್ಲ.
ಗೆಂಡೆ ಈ ತೊಟ್ಟಿಗೆ, ಪೈಕ್ ಆ ತೊಟ್ಟಿಗೆ;
ಹಲ್ಲಿದ್ದದ್ದನ್ನೂ ಇಲ್ಲದ್ದನ್ನೂ ಒಟ್ಟಿಗಿಡಬಾರದು.
ಬಲೆಯೊಳಗೆ ನೀರು ಕುದಿಯುತ್ತದೆ, ಬೆಂಕಿಯಿಲ್ಲದೆ.

ಏರಿಯ ಮೇಲೆ ಊರೇ ನಿಂತಿದೆ,
ಕೈಯಲ್ಲಿ ರಮ್ ಬೆರೆಸಿದ ಚಹಾ.
ಹಿಂದಿನ ಸಾಲಲ್ಲಿ, ಟೋಪಿ ಕಣ್ಣಿಗೆಳೆದು, ಹಿನೆಕ್:
ಮೂವತ್ತು ವರ್ಷ ಬಸ್ಸು ಓಡಿಸಿದವನು.

ಈ ಕೆರೆಗೆ ಗಾಳ ಹಾಕುವಂತಿಲ್ಲ.
ಹಿನೆಕ್ ರಾತ್ರಿ ಏರಿಯ ಬಲಗಡೆ ಕೂರುತ್ತಿದ್ದ,
ಕಾವಲಿನ ಮಾವ ಎಡಗಡೆ ನೋಡುತ್ತ ನಡೆಯುತ್ತಿದ್ದ.
ಹೋದ ಆಗಸ್ಟಿನಲ್ಲಿ ಒಂದು ರಾತ್ರಿ ದಾರ ಬಿಗಿಯಿತು,
ನಲವತ್ತು ನಿಮಿಷ. ಆಮೇಲೆ ಸಡಿಲಾಯಿತು.
ಹೆಂಡದಂಗಡಿಯಲ್ಲಿ ಹೇಳಿದ: ಹನ್ನೆರಡು ಕಿಲೋ.
ಅಂದಿನಿಂದ ಅವನಿಗೆ ಅದೇ ಹೆಸರು.
'ಬಾರಯ್ಯಾ ಹನ್ನೆರಡು, ಕೂರು.'
'ಹನ್ನೆರಡಕ್ಕೆ ಇನ್ನೊಂದು ಬಿಯರ್!'
ನಗುತ್ತಿದ್ದ ಅವನೂ, ಲೋಟದೊಳಕ್ಕೆ.

ಬಂದಳು.
ಹಿಂದಿನ ಸಲದ ಬಲೆ ತಪ್ಪಿಸಿ, ಎಲ್ಲೋ ಹಳ್ಳದಲ್ಲವಿತು,
ಇಷ್ಟು ದಿನ ಮೆಯ್ದವಳು.
ಇಬ್ಬರು ಗಂಡಸರು ಮಗುವನ್ನೆತ್ತಿದಂತೆ ಎತ್ತಿದರು.
ಹಳೆಯ ಹಿತ್ತಾಳೆ ಪಾತ್ರೆಯ ಬಣ್ಣ,
ಹೆಬ್ಬೆರಳಗಲದ ಹುರುಪೆ,
ಕೆಳತುಟಿಯಲ್ಲಿ, ಮಾಂಸ ಮುಚ್ಚಿಕೊಂಡು ಬೆಳೆದಿದ್ದ
ಒಂದು ಗಾಳ.
ಮಾವ ನೋಡಿದ. ಆಮೇಲೆ ಎಡಗಡೆ ನೋಡಿದ.

ಎಲ್ಲಕ್ಕಿಂತ ದೊಡ್ಡದನ್ನು ಜನರೆದುರು ತೂಗುವುದು ರೂಢಿ.
ಏರಿ ಸುಮ್ಮನಾಯಿತು. ಚಹಾ ಹೀರುವ ಸದ್ದೂ ನಿಂತಿತು.
ಮುಳ್ಳು ತುಯ್ದಾಡಿ ನಿಂತದ್ದು
ಒಂಬತ್ತು ಕಿಲೋ ಇನ್ನೂರರ ಮೇಲೆ.
ನನ್ನ ಬೆನ್ನ ಹಿಂದೆ ಎಷ್ಟೋ ಬಾಯಿ
ನಗುವನ್ನು ಅಂಚಿಗೆ ತಂದು ಕಾಯುತ್ತಿದ್ದವು.

'ಹನ್ನೆರಡು!' ಅಂದೆ.
ಅಷ್ಟು ಜೋರಾಗಿ ನಾನು ಮದುವೆಯಲ್ಲೂ ಹೂಂ ಅಂದಿರಲಿಲ್ಲ.

ಲೆಕ್ಕ ಬರೆಯುವ ಬ್ಲಾಝೆನಾ ತಲೆಯೆತ್ತಲಿಲ್ಲ.
ಪುಸ್ತಕದಲ್ಲಿ ಒಂಬತ್ತು ಇನ್ನೂರೇ ಇದೆ,
ದುಂಡಗೆ, ಅವಳ ಚಂದದ ಅಕ್ಷರದಲ್ಲಿ.
ಮಿಕ್ಕ ಎರಡು ಕಿಲೋ ಎಂಟುನೂರು
ಮಂಜಿನಲ್ಲಿ ಏರಿ ಹತ್ತಿ ಹೋಯಿತು.
ಮೇಲೆ ಯಾರೋ ಟೋಪಿ ತೆಗೆದರು.
ಹಿನೆಕ್‌ನ ಬೆನ್ನು ಯಾರೋ ತಟ್ಟಿದರು.

ಅವಳನ್ನು ಮಾರಲಿಲ್ಲ. ಮರಿಗಾಗಿ ಇನ್ನೊಂದು ಕೆರೆಗೆ
ಲಾರಿಯಲ್ಲಿ, ಒಂಟಿ ತೊಟ್ಟಿಯಲ್ಲಿ, ರಾಣಿಯ ಹಾಗೆ.

ಸಂಜೆ ಮೇಜು ತೊಳೆಯುತ್ತಿದ್ದೆ. ಬಂದು ನಿಂತ.
'ಒಂಬತ್ತು ಚಿಲ್ಲರೆ, ಅಲ್ಲವಾ?'
ನಾನು ಪೈಪಿನ ನೀರನ್ನೇ ನೋಡಿದೆ.
'ನಲವತ್ತು ನಿಮಿಷ ಹಿಡಿದಿದ್ದೆ, ತಾಯಿ.
ಹನ್ನೆರಡು ಅಂದದ್ದು ಬಾಯಿ.
ಕೈಗೆ ಆವತ್ತೇ ಗೊತ್ತಿತ್ತು.'

ಬೆಂಕಿಪೊಟ್ಟಣದಲ್ಲಿಟ್ಟಿದ್ದ ಗಾಳ ಕೊಟ್ಟೆ.
ತುಕ್ಕನ್ನು ಉಗುರಿಂದ ಕೆರೆದ,
ತುದಿಯನ್ನು ಹೆಬ್ಬೆರಳಿಗೆ ಒತ್ತಿ ನೋಡಿದ,
'ಇನ್ನೂ ಬರುತ್ತದೆ' ಅಂದ.

ಆಚೆ ತೂಬಿನ ಬಳಿ ಲಾಟೀನು.
ಮಾವ ಮೊದಲನೆಯ ಹಲಗೆ ಇಳಿಸುತ್ತಿದ್ದ,
ಎಡಗಡೆ ನೋಡುತ್ತ.